ಮೂಲವಿಲ್ಲದ ಪಾಠಾಂತರಗಳು: ಕನ್ನಡ ಸುಗಮ ಗಾಯನದಲ್ಲಿ ಮರುಹಾಡಿಕೆಯ ವಿಚಾರ

ಹಳೆಯ ಕಾವ್ಯವೊಂದನ್ನು ಸಂಪಾದಿಸಲು ತೊಡಗುವ ವಿದ್ವಾಂಸರು ಮೊದಲು ಮಾಡುವ ಕಾರ್ಯವೆಂದರೆ ಅದರ ಓಲೆಯ ಪ್ರತಿಗಳನ್ನೂ ಕಾಗದದ ಪ್ರತಿಗಳನ್ನೂ ದೊರೆತಷ್ಟು ಕೂಡಿಸಿಕೊಂಡು, ಒಂದರೊಡನೆ ಒಂದನ್ನು ಹೋಲಿಸಿ, ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬುದನ್ನು ನಿಷ್ಕರ್ಷೆ ಮಾಡುವುದು. ಲಿಪಿಕಾರನ ಕೈತಪ್ಪಿನಿಂದಲೋ ಅತಿಜಾಣ್ಮೆಯಿಂದಲೋ ಸೇರಿಕೊಂಡದ್ದನ್ನು ಬೇರ್ಪಡಿಸಿ, ಕವಿಯ ಪಾಠಕ್ಕೆ ಆದಷ್ಟು ಸಮೀಪವಾದುದನ್ನು ನಿಲ್ಲಿಸುವುದು ಅವರ ಗುರಿ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಈ ಶಾಸ್ತ್ರದ ಪರಿಚಯ ಉಂಟು. ಇದೇ ಶಾಸ್ತ್ರವನ್ನು ನಾವು ದಿನವೂ ಕೇಳುವ ಜನಪ್ರಿಯ ಗೀತೆಗಳಿಗೆ ಅನ್ವಯಿಸಲು ಹೊರಟರೆ ಏನಾಗುತ್ತದೆ? ಒಂದೇ ಪದವನ್ನು ನಾಲ್ವರು ನಾಲ್ಕು ಮಟ್ಟಿನಲ್ಲಿ ಹಾಡಿದ್ದಾರೆ. ಅವುಗಳಲ್ಲಿ ಯಾವುದು ಮೂಲ, ಯಾವುದು ಪಾಠಾಂತರ, ಯಾವುದು ಪ್ರಕ್ಷಿಪ್ತ? ಈ ಪ್ರಶ್ನೆಯನ್ನು ಹಿಡಿದು ಸ್ವಲ್ಪ ದೂರ ಹೋಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇತಿಹಾಸದ ಅಧ್ಯಾಪಕನಿಗೆ ಹಾಡಿನ ಗೊಡವೆಯೇಕೆಂದು ಕೇಳುವವರು ಇರಬಹುದು. ಧ್ವನಿಮುದ್ರಿಕೆಯೂ ಒಂದು ದಾಖಲೆ. ದಾಖಲೆ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ವಿಚಾರಿಸುವುದು ನಮ್ಮ ಕಸುಬೇ ಆಗಿದೆ.

ಪಾಶ್ಚಾತ್ಯರ ಸಂಗೀತ ವ್ಯಾಪಾರದಲ್ಲಿ ಒಬ್ಬರು ಮುದ್ರಿಸಿದ ಹಾಡನ್ನು ಇನ್ನೊಬ್ಬರು ಮತ್ತೆ ಹಾಡಿ ಮುದ್ರಿಸಿದರೆ ಅದನ್ನು ‘ಕವರ್’ ಎನ್ನುತ್ತಾರೆ. ನಮ್ಮ ಹುಡುಗರ ಬಾಯಲ್ಲಿಯೂ ಈಗ ಇದೇ ಮಾತು ನಿಂತಿದೆ. ನಾನು ಇದನ್ನು ಮರುಹಾಡಿಕೆ ಎಂದು ಕರೆಯುತ್ತೇನೆ. ಹೆಸರು ಹೇಗಾದರೂ ಇರಲಿ, ಅದರ ಹಿಂದಿರುವ ಕಲ್ಪನೆಯನ್ನು ಗಮನಿಸಬೇಕು. ಮೊದಲನೆಯ ಮುದ್ರಣವೇ ಹಾಡಿನ ನಿಜವಾದ ರೂಪ, ತರುವಾಯದವು ಅದರ ಮೇಲೆ ಹೊದಿಸಿದ ಹೊದಿಕೆಗಳು, ಎಂಬುದು ಆ ಕಲ್ಪನೆ. ಕನ್ನಡದ ಜನಪ್ರಿಯ ಗಾಯನಕ್ಕೆ ಈ ಕಲ್ಪನೆ ಒಪ್ಪುವುದಿಲ್ಲವೆಂದೂ, ಒಪ್ಪಿಸಲು ಹೊರಟಾಗ ನಾವು ಕಳೆದುಕೊಳ್ಳುವುದು ಬಹಳವಿದೆಯೆಂದೂ ನನ್ನ ಅಭಿಪ್ರಾಯ.

ಮೊದಲು ಕೇಳುಗನ ಅನುಭವವನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಯಾರಾದರೂ ಒಂದು ಒಳ್ಳೆಯ ಹಾಡನ್ನು ಅದರ ಮೊದಲ ಗಾಯಕನ ಬಾಯಿಂದಲೇ ಮೊದಲು ಕೇಳಿದ್ದುಂಟೇ? ಬಹಳ ಅಪರೂಪ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಲಿನ ತರಗತಿಯ ಹುಡುಗಿ ಹಾಡಿದ್ದು, ಗಣೇಶನ ಚಪ್ಪರದ ರಸಮಂಜರಿಯಲ್ಲಿ ಊರಿನ ಗಾಯಕ ಹಾಡಿದ್ದು, ಅಡುಗೆ ಮಾಡುತ್ತ ತಾಯಿ ಗುನುಗಿದ್ದು—ಹೀಗೆ ಎರಡನೆಯ, ಮೂರನೆಯ, ಹತ್ತನೆಯ ಕೈಯಿಂದ ಹಾಡು ನಮಗೆ ಬಂದು ಮುಟ್ಟುತ್ತದೆ. ಆಮೇಲೆ ಎಂದೋ ಒಮ್ಮೆ ಪ್ರಸಿದ್ಧ ಗಾಯಕರ ಮುದ್ರಿಕೆಯನ್ನು ಕೇಳಿದಾಗ ‘ಇದೇಕೆ ಇಷ್ಟು ಮೆಲ್ಲಗೆ ಹಾಡುತ್ತಾರೆ?’ ಎಂದು ಸೋಜಿಗಪಡುತ್ತೇವೆ. ಕಾಲಕ್ರಮದಲ್ಲಿ ಮೊದಲಿನದು ನಮ್ಮ ಕಿವಿಗೆ ಪಾಠಾಂತರವಾಗಿ ಕೇಳುತ್ತದೆ. ಹಾಡನ್ನು ಕಂಡುಕೊಳ್ಳುವ ಸಂತೋಷದ ಬಹುಪಾಲು ಈ ಹಿಮ್ಮುಖ ಪ್ರಯಾಣದಲ್ಲಿಯೇ ಇರುವುದು.

ನಮ್ಮ ಪರಂಪರೆಯಲ್ಲಿ ಇದು ಹೊಸದೇನೂ ಅಲ್ಲ. ಪುರಂದರದಾಸರ ಪದಗಳು ಇಂದು ನಾವು ಕೇಳುವ ರಾಗಗಳಲ್ಲಿಯೇ ದಾಸರ ಬಾಯಿಂದ ಹೊರಟವೆಂದು ಯಾರೂ ಸಾಧಿಸಲಾರರು. ಒಂದೇ ಪದ ಹರಿದಾಸರ ಕಥೆಯಲ್ಲಿ ಒಂದು ಧಾಟಿ, ಕಚೇರಿಯಲ್ಲಿ ಇನ್ನೊಂದು ಧಾಟಿ. ವೃತ್ತಿನಾಟಕ ಕಂಪನಿಗಳ ಕಾಲಕ್ಕೆ ಬಂದರೆ ಸಂಗತಿ ಇನ್ನೂ ಸ್ವಾರಸ್ಯವಾಗುತ್ತದೆ. ಆ ಕಾಲದ ನಾಟಕದ ಹಾಡುಗಳ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚುಹಾಕುವುದಿತ್ತು. ಕೆಲವೊಮ್ಮೆ ಅದು ತ್ಯಾಗರಾಜರ ಕೃತಿಯ ಮಟ್ಟು, ಕೆಲವೊಮ್ಮೆ ಮರಾಠಿ ನಾಟಕದ ಪದದ ಮಟ್ಟು. ಅಲ್ಲಿ ಮಟ್ಟು ಸಾರ್ವಜನಿಕವಾದ ಸೊತ್ತು. ಮಾತು ಮಾತ್ರ ಹೊಸದು. ಇನ್ನು ಸಭಿಕರು ‘ವನ್ಸ್ ಮೋರ್’ ಎಂದು ಕೂಗಿದಾಗ, ನಟನು ಸತ್ತು ಬಿದ್ದಿದ್ದರೂ ಎದ್ದು ನಿಂತು ಮತ್ತೆ ಹಾಡುತ್ತಿದ್ದನೆಂದು ಹಿರಿಯರು ನಗುನಗುತ್ತ ಹೇಳುವುದುಂಟು. ಎರಡನೆಯ ಸಲದ ಹಾಡಿಕೆ ಮೊದಲಿನಂತೆಯೇ ಇದ್ದರೆ ಮೂರನೆಯ ಸಲ ಕೂಗು ಬರುತ್ತಿರಲಿಲ್ಲ. ನಟನು ಒಂದು ಹೊಸ ಪಲುಕನ್ನು ತೋರಿಸಲೇಬೇಕಾಗಿತ್ತು. ಹೀಗೆ ಒಂದೇ ರಾತ್ರಿ, ಒಂದೇ ಗಾಯಕನ ಬಾಯಲ್ಲಿ, ಒಂದೇ ಹಾಡಿಗೆ ಮೂರು ಪಾಠಾಂತರಗಳು ಹುಟ್ಟುತ್ತಿದ್ದವು.

ಈ ಹರಿವಿಗೆ ಮೊದಲ ಒಡ್ಡನ್ನು ಕಟ್ಟಿದ್ದು ಗ್ರಾಮಫೋನು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ನುಡಿಗಳು ಹೆಚ್ಚಿದ್ದರೆ ಬಿಡಬೇಕು, ಆಲಾಪನೆ ಮಾಡುವ ಆಸೆಯಿದ್ದರೆ ಅಡಗಿಸಿಕೊಳ್ಳಬೇಕು. ಪಿ. ಕಾಳಿಂಗರಾಯರು (1914–1981) ಈ ಕಾಲದವರು. ಕರಾವಳಿಯ ಆರೂರಿನಲ್ಲಿ ಹುಟ್ಟಿ, ಯಕ್ಷಗಾನದ ನೆರಳಿನಲ್ಲಿ ಬೆಳೆದು, ನಾಟಕ ಕಂಪನಿಯಲ್ಲಿ ಪಳಗಿ, ಶಾಸ್ತ್ರೀಯ ಸಂಗೀತವನ್ನು ಅಭ್ಯಾಸ ಮಾಡಿ ಬಂದ ಅವರು ಕವಿಗಳ ಗೀತೆಗಳನ್ನೂ ದಾಸರ ಪದಗಳನ್ನೂ ಜನಪದ ಗೀತೆಗಳನ್ನೂ ಒಂದೇ ವೇದಿಕೆಯ ಮೇಲೆ ತಂದು ಕೂರಿಸಿದರು. ಸುಗಮ ಸಂಗೀತವೆಂಬ ಪಂಗಡಕ್ಕೆ ಕನ್ನಡದಲ್ಲಿ ಒಂದು ಆಕಾರ ಬಂದದ್ದು ಮುಖ್ಯವಾಗಿ ಅವರಿಂದ. ಮೋಹನಕುಮಾರಿ, ಸೋಹನಕುಮಾರಿ ಎಂಬ ಸಹಗಾಯಕಿಯರ ದನಿಗಳು ಅವರ ತುಂಬುಗಂಠದ ಹಿಂದೆ ಬಂದು ಸೇರುವ ರೀತಿಯನ್ನು ಮುದ್ರಿಕೆಗಳಲ್ಲಿ ಇಂದಿಗೂ ಕೇಳಬಹುದು. ಕಾಳಿಂಗರಾಯರ ಹಾಡಿಕೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅಕ್ಷರದ ಮೇಲಿನ ಗೌರವ. ಗಮಕವನ್ನು ಎಲ್ಲಿ ಹಾಕಿದರೂ ಮಾತು ಮಸುಕಾಗದು. ಆದರೆ ಅವರು ತಮ್ಮ ಹಾಡಿಕೆಯನ್ನು ಅಂತಿಮವೆಂದು ಭಾವಿಸಿದ್ದರೆಂದು ತೋರುವುದಿಲ್ಲ. ಅವರ ತಟ್ಟೆಗಳನ್ನು ಕೇಳುವಾಗ ಒಂದು ಸಂಜೆಯ ಕಚೇರಿಯಿಂದ ಮೂರು ನಿಮಿಷವನ್ನು ಕತ್ತರಿಸಿ ಕೊಟ್ಟಂತೆ ಅನಿಸುತ್ತದೆ.

ನಿಜವಾದ ಬದಲಾವಣೆ ಬಂದದ್ದು ಧ್ವನಿಸುರುಳಿಯಿಂದ. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ಅಳವಡಿಸಿದ ‘ನಿತ್ಯೋತ್ಸವ’ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದೇ. ತಟ್ಟೆಯನ್ನು ಕೊಳ್ಳಲಾರದ ಮನೆಗಳಿಗೂ ಸುರುಳಿ ಹೋಯಿತು. ಬಸ್ಸಿಗೆ ಹೋಯಿತು, ಹೋಟೆಲಿಗೆ ಹೋಯಿತು, ನವೆಂಬರಿನಲ್ಲಿ ರಾಜ್ಯೋತ್ಸವದ ಕಂಬಕ್ಕೆ ಕಟ್ಟಿದ ಧ್ವನಿವರ್ಧಕಕ್ಕೂ ಹೋಯಿತು. ಕವಿತಾಸಂಕಲನವನ್ನು ಎಂದೂ ಬಿಚ್ಚದವರು ಕವಿತೆಯನ್ನು ಬಾಯಿಪಾಠ ಮಾಡಿದರು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ನೂರು ಸಲ, ಸಾವಿರ ಸಲ, ಒಂದು ಎಳೆಯೂ ವ್ಯತ್ಯಾಸವಿಲ್ಲದೆ ಒಂದೇ ಹಾಡಿಕೆಯನ್ನು ಕೇಳುವುದೆಂದರೇನು? ನಾಡಿನ ಇತಿಹಾಸದಲ್ಲಿ ಅದುವರೆಗೆ ಇಷ್ಟು ಜನರಿಗೆ ಅಂಥ ಅನುಭವ ಆಗಿರಲಿಲ್ಲ. ಹಾಡಿಗೆ ‘ಮೂಲ’ವೆಂಬುದೊಂದು ಹುಟ್ಟಿದ್ದು ಆಗ. ಅದಕ್ಕೆ ಮುಂಚೆ ಇದ್ದದ್ದು ಹಾಡಿಕೆಗಳು ಮಾತ್ರ.

ಶಿಶುನಾಳ ಶರೀಫರ ಪದಗಳ ಚರಿತ್ರೆಯಲ್ಲಿ ಇದೆಲ್ಲವೂ ನಿಚ್ಚಳವಾಗಿ ಕಾಣುತ್ತದೆಯಾದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಅವರು ಕಣ್ಣಮುಚ್ಚುವ ವೇಳೆಗೆ ನಮ್ಮ ನಾಡಿಗೆ ಧ್ವನಿಮುದ್ರಣ ಕಾಲಿಟ್ಟಿರಲಿಲ್ಲ. ಸುಮಾರು ಒಂದು ಶತಮಾನದ ಕಾಲ ಅವರ ಪದಗಳು ಉಳಿದದ್ದು ಭಜನೆಯ ಮೇಳಗಳಲ್ಲಿ: ಏಕತಾರಿ, ದಿಮ್ಮಡಿ, ತಾಳ, ಆಮೇಲೆ ಸೇರಿಕೊಂಡ ಹಾರ್ಮೋನಿಯಂ, ಇಷ್ಟೇ ಪರಿಕರಗಳು. ಮುಮ್ಮೇಳದವನು ಒಂದು ಸಾಲು ಎತ್ತುತ್ತಾನೆ, ಹಿಮ್ಮೇಳ ಅದನ್ನು ಮರಳಿಸುತ್ತದೆ. ರಾತ್ರಿ ದೊಡ್ಡದು, ಅವಸರವಿಲ್ಲ. ಊರಿಂದೂರಿಗೆ ಮಟ್ಟು ಬೇರೆ, ನುಡಿಗಳ ಕ್ರಮವೂ ಬೇರೆ. ಗ್ರಂಥಸಂಪಾದಕನಿಗೆ ಇದು ತಲೆನೋವು, ಕೇಳುಗನಿಗೆ ಐಶ್ವರ್ಯ.

ಈ ಪದಗಳನ್ನು ಸಿ. ಅಶ್ವತ್ಥರು (1939–2009) ಎತ್ತಿಕೊಂಡರು. ಕೋಳಿ ಕೋಡಗವನ್ನು ನುಂಗುವ ಒಗಟಿನ ಪದವನ್ನು ಅವರ ಮಟ್ಟಿನಲ್ಲಿ ಶಿವಮೊಗ್ಗ ಸುಬ್ಬಣ್ಣನವರು (1938–2022) ಹಾಡಿದ್ದನ್ನು ಕೇಳದ ಕನ್ನಡಿಗರು ವಿರಳ. ದಕ್ಷಿಣದ ಜಿಲ್ಲೆಗಳಲ್ಲಿ ಶರೀಫರ ಹೆಸರನ್ನು ಮನೆಮಾತಾಗಿಸಿದ ಹಾಡಿಕೆಗಳಲ್ಲಿ ಇದಕ್ಕೆ ಮುಖ್ಯ ಸ್ಥಾನವುಂಟು. ಆದರೆ ವಿಮರ್ಶೆಯ ದೃಷ್ಟಿಯಿಂದ ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಆ ಪದ ಅಲ್ಲಮನ ಬೆಡಗಿನ ವಚನಗಳ ವಂಶದ್ದು. ಸಣ್ಣದು ದೊಡ್ಡದನ್ನು, ಜಡವಾದದ್ದು ಚೇತನವನ್ನು ನುಂಗುವ ಒಂದೊಂದು ಚಿತ್ರವೂ ಕೇಳುಗನನ್ನು ತಡೆದು ನಿಲ್ಲಿಸಬೇಕು. ಭಜನೆಯ ಹಿಮ್ಮೇಳ ಸಾಲನ್ನು ಮರಳಿಸುವಾಗ ಯೋಚನೆಗೆ ಒಂದು ಬಿಡುವು ದೊರೆಯುತ್ತದೆ. ಅಶ್ವತ್ಥರ ಮಟ್ಟಿನಲ್ಲಿ ಅಂಥ ಬಿಡುವಿಲ್ಲ. ನಗುವಿನ ಕುದುರೆಯ ಮೇಲೆ ಕೂರಿಸಿ ಓಡಿಸಿಬಿಡುತ್ತದೆ. ಮಕ್ಕಳು ಅದನ್ನು ಶಿಶುಗೀತೆಯಾಗಿ ಹಾಡುತ್ತಿರುವುದಕ್ಕೆ ಇದೇ ಕಾರಣ. ಆದರೂ ಈ ಓಟಕ್ಕೆ ತನ್ನದೇ ಆದ ಒಂದು ಸಾರ್ಥಕತೆಯಿದೆ ಎಂದು ನನಗೆ ತೋರುತ್ತದೆ. ಕೊನೆಯ ನುಡಿಯಲ್ಲಿ ಗುರುವಿನ ಪಾದವೇ ಆತ್ಮವನ್ನು ನುಂಗುವ ಮಾತು ಬರುವ ವೇಳೆಗೆ ನಾವು ಇನ್ನೂ ನಗುತ್ತಲೇ ಇರುತ್ತೇವೆ, ಎಚ್ಚರಿಕೆಯಿಲ್ಲದೆ ಸಿಕ್ಕಿಬೀಳುತ್ತೇವೆ. ಭಜನೆಯಲ್ಲಿ ಆ ನುಡಿ ನಿರೀಕ್ಷಿತವಾದ ಅಂಕಿತ. ಇಲ್ಲಿ ಅದು ಒಂದು ಆಘಾತ. ಎರಡೂ ಹಾಡಿಕೆಗಳು ಪದದಲ್ಲಿ ಅಡಗಿರುವುದನ್ನೇ ತೋರಿಸುತ್ತವೆ, ಆದರೆ ಒಂದು ತೋರಿಸುವುದನ್ನು ಇನ್ನೊಂದು ತೋರಿಸದು.

ಮರುಹಾಡಿಕೆಯ ಬೆಲೆಯನ್ನು ಅಳೆಯಲು ನಾನು ಇಟ್ಟುಕೊಂಡಿರುವ ಅಳತೆಗೋಲು ಇದೇ. ಅದು ಹಿಂದಿನದಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದನ್ನಾಗಲಿ, ಎಷ್ಟು ಹೊಸದಾಗಿದೆ ಎಂಬುದನ್ನಾಗಲಿ ಕೇಳಿ ಫಲವಿಲ್ಲ. ಹಿಂದಿನವರು ಮಾತಿನಲ್ಲಿ ಬಿಟ್ಟುಹೋದದ್ದನ್ನು ಇದು ಎತ್ತಿತೇ ಎಂದು ಕೇಳಬೇಕು.

ಶರೀಫರ ಪದಗಳ ಪ್ರಯಾಣ ಅಶ್ವತ್ಥರಲ್ಲಿಗೆ ಮುಗಿಯಲಿಲ್ಲ. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದು, ಅಶ್ವತ್ಥರ ಮಟ್ಟುಗಳಿಗೆ ಶ್ರೀಧರರ ಮುಖವನ್ನು ಕೊಟ್ಟಿತು. ಆಮೇಲೆ 2008ರಲ್ಲಿ ಮೈಸೂರಿನ ರಘು ದೀಕ್ಷಿತರ ವಾದ್ಯಗೋಷ್ಠಿ ಹೊರತಂದ ಮುದ್ರಿಕೆಯಲ್ಲಿ ಗುಡುಗುಡಿಯ ಪದ ಗಿಟಾರು, ಪಿಟೀಲು, ಡ್ರಮ್ಮುಗಳ ನಡುವೆ ಎದ್ದು ನಿಂತಿತು. ಭರತನಾಟ್ಯವನ್ನು ಕಲಿತ, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಈ ಗಾಯಕರು ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುತ್ತಾರೆ. ಹಿರಿಯರಲ್ಲಿ ಹಲವರು ಇದನ್ನು ಶರೀಫರಿಗೆ ಮಾಡಿದ ಅಪಚಾರವೆಂದು ಬಗೆಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಗುಡುಗುಡಿಯ ಪದದಲ್ಲಿ ಹುಕ್ಕವನ್ನು ಸೇದುವ ಕ್ರಿಯೆ ದೇಹಶೋಧನೆಯ ರೂಪಕ. ಆದರೆ ರೂಪಕ ನಿಲ್ಲಬೇಕಾದರೆ ಮೊದಲು ಹೊಗೆ ನಿಜವಾದ ಹೊಗೆಯಾಗಿರಬೇಕು, ಉಸಿರು ನಿಜವಾದ ಉಸಿರಾಗಿರಬೇಕು. ಭಕ್ತಿಯ ಭಾರದಿಂದ ಹಾಡುವವರಲ್ಲಿ ಹುಕ್ಕ ಮಾಯವಾಗಿ ತತ್ತ್ವ ಮಾತ್ರ ಉಳಿಯುತ್ತದೆ. ದೀಕ್ಷಿತರ ಹಾಡಿಕೆಯಲ್ಲಿ ಲಯವು ದೇಹಕ್ಕೆ ತಾಗುತ್ತದೆ, ಕೇಳುವವರ ಕಾಲು ಕುಣಿಯುತ್ತದೆ. ದೇಹವೆಂಬುದೊಂದಿದೆ ಎಂಬ ನೆನಪು ಪದಕ್ಕೆ ಮರಳಿ ಬರುತ್ತದೆ. ಅದೇ ಮುದ್ರಿಕೆಯ ಸೋರುವ ಮನೆಯ ಪದದ ವಿಚಾರದಲ್ಲಿ ಮಾತ್ರ ನನಗೆ ಇಷ್ಟು ಭರವಸೆಯಿಲ್ಲ. ಮನೆ ಸೋರುತ್ತಿರುವವನ ದಿಗಿಲಿಗೆ ಅಷ್ಟೊಂದು ವಾದ್ಯಗಳ ಬೆಚ್ಚನೆಯ ಮಾಡು ಅಗತ್ಯವಿರಲಿಲ್ಲ.

ಇನ್ನು ವೇದಿಕೆಯ ಗಾಯನ. ಇದನ್ನು ಮುದ್ರಿಕೆಯ ನೆರಳೆಂದು ಎಣಿಸುವವರೇ ಇಂದು ಹೆಚ್ಚು. ನನ್ನ ಲೆಕ್ಕದಲ್ಲಿ ಮುದ್ರಿಕೆಯೇ ಅದರ ನೆರಳು. ಬೇಂದ್ರೆಯವರು ತಮ್ಮ ಕವಿತೆಗಳನ್ನು ತಾವೇ ಸಭೆಯಲ್ಲಿ ಹೇಳುತ್ತಿದ್ದ ರೀತಿಯ ವರ್ಣನೆಗಳು ಬಹಳ ಇವೆ. ಹಾಡೂ ಅಲ್ಲದ ಓದೂ ಅಲ್ಲದ ಆ ನುಡಿಕೆಯಲ್ಲಿ ಕವಿಯೇ ತನ್ನ ಪದದ ಮೊದಲ ಮರುಹಾಡುಗಾರನಾಗುತ್ತಿದ್ದ. ಅದೇ ಕವಿಯ ‘ಬೆಳಗು’ ಕವಿತೆ 1967ರಲ್ಲಿ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದಲ್ಲಿ ವಿಜಯಭಾಸ್ಕರರ ಸಂಗೀತದಲ್ಲಿ ಎಸ್. ಜಾನಕಿಯವರ ಕಂಠದಿಂದ ಹೊರಟಾಗ ಕವಿಯ ಧಾಟಿಯ ಗಂಡುದನಿ ಪೂರ್ತಿಯಾಗಿ ಮರೆಯಾಗಿ, ಬೆಳಕು ಮೆಲ್ಲಮೆಲ್ಲನೆ ಹರಡುವ ನಿಧಾನ ಮಾತ್ರ ಉಳಿಯಿತು. ಆಂಧ್ರದಲ್ಲಿ ಹುಟ್ಟಿದ ಗಾಯಕಿಯೊಬ್ಬರು ಧಾರವಾಡದ ಕವಿಯ ಬೆಳಗನ್ನು ಮೈಸೂರು ಸೀಮೆಯವರ ಕಿವಿಗೆ ತಂದು ಮುಟ್ಟಿಸಿದರೆಂಬುದು ಚರಿತ್ರೆಯ ಒಂದು ಸಣ್ಣ ವಿನೋದ.

ವೇದಿಕೆಯ ಗಾಯನದ ಶಿಖರವೆಂದೂ ಅದರ ಅಪಾಯವೆಂದೂ ಎರಡು ಬಗೆಯಲ್ಲಿಯೂ ನೆನೆಯಬೇಕಾದದ್ದು 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರು ನಡೆಸಿದ ‘ಕನ್ನಡವೇ ಸತ್ಯ’. ಲಕ್ಷಕ್ಕೂ ಮೀರಿದ ಜನ ಸೇರಿದ್ದರೆಂದು ಹೇಳುತ್ತಾರೆ. ಚಲನಚಿತ್ರದ ತಾರೆಯರಿಗಾಗಿ ಅಲ್ಲದೆ ಕವಿಗಳ ಗೀತೆಗಳಿಗಾಗಿ ಅಷ್ಟು ಜನ ಒಂದೆಡೆ ಕೂಡಿದ್ದು ನಮ್ಮ ಸಾಂಸ್ಕೃತಿಕ ಇತಿಹಾಸದಲ್ಲಿ ಗಮನಾರ್ಹವಾದ ಘಟನೆ. ಅಶ್ವತ್ಥರ ಗಾಯನವೇ ನಾಟಕೀಯವಾದುದು. ಒಂದು ಮಾತನ್ನು ತಟ್ಟನೆ ಮೇಲಕ್ಕೆ ಎಸೆಯುವುದು, ಒಂದು ಕಡೆ ಗಂಟಲನ್ನು ಒರಟಾಗಿಸಿಕೊಳ್ಳುವುದು, ಸಾಲಿನ ಕೊನೆಯನ್ನು ಸಭೆಯ ಕೈಗೆ ಬಿಟ್ಟುಬಿಡುವುದು—ಇವೆಲ್ಲ ಅವರ ವರಸೆಗಳು. ಕೋಣೆಯಲ್ಲಿ ಕುಳಿತು ಸುರುಳಿಯಲ್ಲಿ ಕೇಳಿದಾಗ ಅತಿಯೆನಿಸುವ ಈ ಗುಣ ಮೈದಾನದಲ್ಲಿ ಔಚಿತ್ಯವನ್ನು ಪಡೆಯುತ್ತದೆ. ನಷ್ಟವೂ ಉಂಟು. ಲಕ್ಷ ಜನರಿಗೆ ಹಾಡುವ ಮಟ್ಟಿನಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ದಾಂಪತ್ಯದ ಪಿಸುಮಾತನ್ನು ಹಾಡಲಾಗದು. ‘ಮೈಸೂರು ಮಲ್ಲಿಗೆ’ಯ ಕವಿತೆಗಳನ್ನು ಅಶ್ವತ್ಥರು ಜನರ ಬಳಿಗೆ ಒಯ್ದದ್ದು ದಿಟ, ಆದರೆ ಅವರ ಅನುಕರಣೆಯಲ್ಲಿ ನಮ್ಮ ಗಾಯಕರು ಪಡಸಾಲೆಯ ಹಾಡನ್ನು ಮೈದಾನದ ದನಿಯಲ್ಲಿಯೇ ಹಾಡತೊಡಗಿದರು. ಗುರುವಿಗೆ ಒಪ್ಪಿದ್ದು ಶಿಷ್ಯರೆಲ್ಲರಿಗೂ ಒಪ್ಪಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ಮೈಸೂರು ಅನಂತಸ್ವಾಮಿಯವರ (1936–1995) ಮನೆತನವನ್ನು ನೋಡಬಹುದು. ರಾಜರತ್ನಂ ಅವರ ‘ರತ್ನನ ಪದಗಳು’ ಅನಂತಸ್ವಾಮಿಯವರ ಬಾಯಲ್ಲಿ ಕುಡುಕನ ಹಾಸ್ಯವನ್ನೂ ಕುಡುಕನ ಘನತೆಯನ್ನೂ ಒಟ್ಟಿಗೆ ಉಳಿಸಿಕೊಂಡವು. ಅವರ ಮಗ ರಾಜು ಅನಂತಸ್ವಾಮಿ ಅವೇ ಮಟ್ಟುಗಳನ್ನು ಹಾಡಿದರು. ಆದರೆ ಮಗನ ರತ್ನ ತಂದೆಯ ರತ್ನನಿಗಿಂತ ಹೆಚ್ಚು ತೂರಾಡುತ್ತಾನೆ, ಹೆಚ್ಚು ನೋಯುತ್ತಾನೆ. ಮಟ್ಟು ಬದಲಾಗದೆಯೂ ಪಾಠಾಂತರ ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. 2009ರಲ್ಲಿ, ಇನ್ನೂ ನಡುವಯಸ್ಸು ಮುಟ್ಟುವ ಮೊದಲೇ, ರಾಜು ತೀರಿಕೊಂಡರು. ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ! ಅಮೆರಿಕಾ!!’ ಚಿತ್ರದಲ್ಲಿ ಮನೋಮೂರ್ತಿಯವರ ಸಂಗೀತದಲ್ಲಿ ಮೂಡಿದಾಗ ಸಂಗೀತಾ ಕಟ್ಟಿಯವರೊಡನೆ ಅದನ್ನು ಹಾಡಿದವರೂ ಇದೇ ರಾಜು. ಆ ಹಾಡಿಕೆ ದೂರತೀರದ ತಾತ್ತ್ವಿಕ ಸೆಳೆತವನ್ನು ಕಡಲಾಚೆಗೆ ನೌಕರಿಗೆ ಹೋದವರ ಸೆಳೆತವಾಗಿ ಮಾಡಿತೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಸರಿಯೇ. ಆದರೆ ಕವಿತೆಯಲ್ಲಿ ಇದ್ದುದನ್ನು ಬಿಟ್ಟು ಕೊಡಬೇಕಾಗಿ ಬಂದರೂ, ಒಂದು ತಲೆಮಾರಿನ ನಿಜವಾದ ವ್ಯಥೆಗೆ ಅದು ದನಿಕೊಟ್ಟಿತು. ಈ ಭಾವಗೀತೆಯ ಮಾರ್ಗವನ್ನೇ ತೊರೆದು ‘ಚಂಡೆಮದ್ದಳೆ’ (1954), ‘ಭೂಮಿಗೀತ’ (1959)ಗಳ ಕಡೆಗೆ ನಡೆದ ಅಡಿಗರು ಸಾಮಾನ್ಯ ಜನರ ಪಾಲಿಗೆ ಉಳಿದಿರುವುದು ತಾವು ಬಿಟ್ಟುಬಂದ ಮಾರ್ಗದ ಒಂದು ಕವಿತೆಯಿಂದ. ಸಾಹಿತ್ಯಚರಿತ್ರೆಗೂ ಗಾಯನದ ಚರಿತ್ರೆಗೂ ಕಾಲಗಣನೆ ಒಂದೇ ಅಲ್ಲ.

ಇಷ್ಟು ದೂರ ಬಂದಮೇಲೆ ಈಗಿನ ಪರಿಸ್ಥಿತಿಯನ್ನು ಕುರಿತು ಹೇಳಲೇಬೇಕಾದ ಒಂದು ಮಾತಿದೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಭಾವಗೀತೆಯ ಸ್ಪರ್ಧೆಗೆ ಪ್ರೇಕ್ಷಕನಾಗಿ ಹೋಗಿದ್ದೆ. ಸ್ಪರ್ಧಿಗಳಲ್ಲಿ ಹೆಚ್ಚಿನವರು ವಾದ್ಯದ ಭಾಗವನ್ನಷ್ಟೇ ಉಳಿಸಿದ ‘ಟ್ರ್ಯಾಕ್’ ಒಂದನ್ನು ಹಾಕಿಕೊಂಡು ಅದರ ಮೇಲೆ ಹಾಡಿದರು. ಉಸಿರು ಎಳೆಯುವ ಜಾಗವೂ ಮುದ್ರಿಕೆಯ ಗಾಯಕರದೇ. ಬರಿಯ ಶ್ರುತಿಯಿಟ್ಟುಕೊಂಡು ಬಂದ ಒಬ್ಬ ವಿದ್ಯಾರ್ಥಿನಿ ಮಾತ್ರ ಬೇಂದ್ರೆಯವರ ಪದವೊಂದನ್ನು ತನ್ನ ಅಜ್ಜಿಯಿಂದ ಕಲಿತ ಬೇರೊಂದು ಧಾಟಿಯಲ್ಲಿ ಹಾಡಿದಳು. ದನಿ ಸ್ವಲ್ಪ ನಡುಗುತ್ತಿದ್ದರೂ ಆ ದಿನ ಕವಿತೆ ಕಿವಿಗೆ ಬಿದ್ದದ್ದು ಆಗ ಒಂದೇ ಸಲ. ‘ಮೂಲ ರಾಗಸಂಯೋಜನೆಯಿಂದ ವಿಚಲನೆ’ ಎಂಬ ಕಾರಣ ಕೊಟ್ಟು ಆಕೆಯ ಅಂಕಗಳನ್ನು ಕಳೆದಿದ್ದರು. ಅಜ್ಜಿಯ ಧಾಟಿ ಸುರುಳಿಗಿಂತ ಹಳೆಯದಾಗಿರಬಹುದು ಎಂಬ ಸಂದೇಹ ಕೂಡ ಅಲ್ಲಿ ಯಾರಿಗೂ ಬಂದಂತೆ ಕಾಣಲಿಲ್ಲ. ಓಲೆಯ ಪ್ರತಿಗಳ ವಿಷಯದಲ್ಲಿ ಯಾರಾದರೂ ಹೀಗೆ ನಡೆದುಕೊಂಡರೆ, ಅಂದರೆ ಅಚ್ಚಾದ ಪುಸ್ತಕಕ್ಕೆ ಹೊಂದುವುದಿಲ್ಲವೆಂದು ಹಳೆಯ ಪ್ರತಿಯನ್ನು ತಿದ್ದಿದರೆ, ನಾವು ಏನೆನ್ನುತ್ತೇವೆ?

ಕಾನೂನು ಕೂಡ ಮುದ್ರಿಕೆಯ ಪಕ್ಷದಲ್ಲಿಯೇ ನಿಂತಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ತಂದ ತಿದ್ದುಪಡಿಯ 31ಸಿ ಪ್ರಕರಣದಂತೆ, ಒಂದು ಹಾಡು ಮೊದಲು ಮುದ್ರಿತವಾದ ವರ್ಷ ಮುಗಿದು ಐದು ವರ್ಷ ಕಳೆಯುವವರೆಗೆ ಅದರ ಮರುಹಾಡಿಕೆಯನ್ನು ಆ ಪ್ರಕರಣದ ಪರವಾನಗಿಯ ಮೇಲೆ ಮುದ್ರಿಸುವಂತಿಲ್ಲ. ಮುದ್ರಿಸಿದಾಗಲೂ, ಹಕ್ಕುದಾರರ ಸಮ್ಮತಿಯಿಂದ ಹಿಂದೆ ಆಗಿರದ, ಅಥವಾ ಮುದ್ರಣಕ್ಕೆ ತಾಂತ್ರಿಕವಾಗಿ ಅಗತ್ಯವಲ್ಲದ ಯಾವ ಬದಲಾವಣೆಯನ್ನೂ ಸಾಹಿತ್ಯದಲ್ಲಾಗಲಿ ಸಂಗೀತದಲ್ಲಾಗಲಿ ಮಾಡುವಂತಿಲ್ಲ. ಹಕ್ಕುದಾರರಿಗೆ ಗೌರವಧನ ಸಲ್ಲಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಕವಿಗಳೂ ಸಂಯೋಜಕರೂ ನಮ್ಮಲ್ಲಿ ಬಹುಕಾಲ ಬರಿಗೈಯಲ್ಲಿ ಉಳಿದವರು. ಆದರೆ ಬದಲಾಯಿಸದೆ ಮತ್ತೆ ಹಾಡು ಎಂಬ ಅಪ್ಪಣೆ ನಮ್ಮ ಗಾಯನಪರಂಪರೆಗೆ ಅಪರಿಚಿತವಾದುದು. ಶರೀಫರ ಪದಗಳು ಯಾರ ಸ್ವಾಮ್ಯವೂ ಅಲ್ಲದಿದ್ದುದರಿಂದಲೇ ದೀಕ್ಷಿತರ ಗಿಟಾರಿನವರೆಗೆ ತಡೆಯಿಲ್ಲದೆ ಬರಲು ಸಾಧ್ಯವಾಯಿತು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಕವಿಯ ಮರಣಾನಂತರ ಅರವತ್ತು ವರ್ಷವೆಂಬ ನಿಯಮದಂತೆ ಅವರ ಪದಗಳಿಗೆ ಆ ಸ್ವಾತಂತ್ರ್ಯ ದೊರೆಯುವುದು 2041 ಮುಗಿದ ಮೇಲೆ.

ನಾಡಗೀತೆಯ ಪ್ರಸಂಗವನ್ನು ಬಿಡುವಂತಿಲ್ಲ. ಕುವೆಂಪು ವಿರಚಿತ ಗೀತೆಯನ್ನು ಸರ್ಕಾರ ನಾಡಗೀತೆಯೆಂದು 2004ರಲ್ಲಿ ಘೋಷಿಸಿತು. ಅದಕ್ಕೆ ಪ್ರಚಾರದಲ್ಲಿದ್ದ ಮಟ್ಟುಗಳಲ್ಲಿ ಮುಖ್ಯವಾದವು ಎರಡು, ಒಂದು ಅನಂತಸ್ವಾಮಿಯವರದು, ಇನ್ನೊಂದು ಅಶ್ವತ್ಥರದು. ಯಾವುದನ್ನು ಹಿಡಿಯಬೇಕೆಂಬ ವಾದ ವರ್ಷಗಟ್ಟಲೆ ನಡೆದು, ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಮಟ್ಟಿನಲ್ಲಿ 2 ನಿಮಿಷ 30 ಸೆಕೆಂಡಿನೊಳಗೆ ಹಾಡಬೇಕೆಂದು ಆಜ್ಞೆಯಾಯಿತು. ಆ ವೇಳೆಗೆ ಸಂಯೋಜಕರಿಬ್ಬರೂ ಇರಲಿಲ್ಲ. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು, ಆಜ್ಞೆ ಉಳಿಯಿತು. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡುವ ಗೀತೆಗೆ ಒಂದು ಗೊತ್ತಾದ ಮಟ್ಟು, ಒಂದು ಮಿತಿ ಬೇಕೆಂಬುದು ವ್ಯವಹಾರಕ್ಕೆ ಸಮ್ಮತವಾದ ಮಾತು. ಆ ಕಾರ್ಯಕ್ಕೆ ಅನಂತಸ್ವಾಮಿಯವರ ಸರಳವಾದ ಮಟ್ಟು ಹೆಚ್ಚು ಒಗ್ಗುತ್ತದೆ ಎಂದೂ ನಾನು ಒಪ್ಪುತ್ತೇನೆ. ಸಂಗೀತ ಬಾರದವನೂ ಅದರಲ್ಲಿ ದನಿಗೂಡಿಸಬಲ್ಲ. ಆದರೆ ಆಜ್ಞೆ ಅನ್ವಯವಾಗುವುದು ವಿಧ್ಯುಕ್ತ ಸಮಾರಂಭಗಳಿಗೆ. ಅದನ್ನೇ ನೆವಮಾಡಿಕೊಂಡು ಅಶ್ವತ್ಥರ ಮಟ್ಟನ್ನು ಗಾಯನಸಭೆಗಳಿಂದಲೂ ಕಾಲೇಜಿನ ಅಭ್ಯಾಸಗಳಿಂದಲೂ ಕೈಬಿಡುತ್ತಿರುವುದನ್ನು ನಾನು ಕಂಡಿದ್ದೇನೆ. ರಾಜಶಾಸನ ಒಂದು ಊರಿನ ತೆರಿಗೆಯನ್ನು ಗೊತ್ತುಮಾಡಿದ ಮಾತ್ರಕ್ಕೆ ಆ ಊರಿನ ಬಾಳೆಲ್ಲ ಶಾಸನದಲ್ಲಿದೆಯೆಂದು ಯಾವ ಇತಿಹಾಸಕಾರನೂ ಭಾವಿಸುವುದಿಲ್ಲ.

ನಮ್ಮ ವಿಭಾಗಗಳಿಂದ ಆಗಬಹುದಾದ ಕೆಲಸ ಒಂದಿದೆ. ಶಾಸನಗಳ ಪಡಿಯಚ್ಚು ತೆಗೆಯಲು ವಿದ್ಯಾರ್ಥಿಗಳನ್ನು ಊರೂರಿಗೆ ಕಳುಹಿಸುತ್ತೇವೆ. ಶರೀಫರ ಒಂದೇ ಪದವನ್ನು ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಹತ್ತು ಭಜನಾಮೇಳಗಳಲ್ಲಿ ಕೇಳಿ ಬರೆದುಕೊಂಡು ಬರಲು ಕಳುಹಿಸಿದರೆ ಖರ್ಚು ಹೆಚ್ಚಾಗದು. ಹಾಡಿದವರ ಊರು, ಅವರು ಯಾರಿಂದ ಕಲಿತರು, ಮಟ್ಟು, ತಾಳ, ಜೊತೆಯ ವಾದ್ಯಗಳು, ಬಿಟ್ಟ ನುಡಿ, ಸೇರಿಸಿದ ನುಡಿ, ಸುರುಳಿಯ ಹಾಡಿಕೆಯನ್ನು ಅವರು ಕೇಳಿದ್ದಾರೆಯೇ ಇಲ್ಲವೇ—ಇಷ್ಟನ್ನು ಗುರುತುಮಾಡಬೇಕು. ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಸುರುಳಿಯನ್ನು ಕೇಳಿದ ಮೇಳದವರು ತಮ್ಮ ಹಿರಿಯರ ಮಟ್ಟನ್ನು ಬಿಟ್ಟರೋ, ಎರಡನ್ನೂ ಇಟ್ಟುಕೊಂಡರೋ, ಎರಡನ್ನೂ ಕಲಸಿ ಮೂರನೆಯದೊಂದನ್ನು ಮಾಡಿಕೊಂಡರೋ ಎಂಬುದು ಅಲ್ಲಿಂದ ತಿಳಿಯುತ್ತದೆ. ಸುರುಳಿಯನ್ನು ಕೇಳುವ ಮುಂಚೆಯೇ ಪದಗಳನ್ನು ಕಲಿತ ಹಾಡುಗಾರರಿಗೆ ಈಗ ವಯಸ್ಸಾಗಿದೆ.